ಎಂಟನೆಯ ಗುಂಡಿ

ಪ್ರತಿ ಸೋಮವಾರ ಬೆಳಿಗ್ಗೆ ಆರೂವರೆಗೆ ನಮ್ಮೂರ ಬಸವಣ್ಣನ ಗುಡಿಯ ಮೈಕಿನಲ್ಲಿ ಒಂದು ಹಾಡು ಹಾಕುತ್ತಾರೆ. ಆ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿರುತ್ತೇನೆ. ಹಾಡು ಶುರುವಾದರೆ ಕೈ ತಾನಾಗಿ ನಿಲ್ಲುತ್ತದೆ, ಯಾಕೆಂದರೆ ರೊಟ್ಟಿಯ ಸಪ್ಪಳ ನಿಲ್ಲದೆ ಹಾಡಿನ ಒಳಗಿನದು ಕೇಳಿಸುವುದಿಲ್ಲ. ಏಳು ವರ್ಷದಲ್ಲಿ ಹೀಗೆ ಎಷ್ಟು ರೊಟ್ಟಿ ಹಂಚಿನ ಮೇಲೆ ಹೊತ್ತಿಹೋದವೋ. ನಮ್ಮ ಹೆಣ್ಣುಮಕ್ಕಳ ಭಜನಾ ಮಂಡಳಿಯ ಐವರು ಹಾಡಿದ ಹಾಡು ಅದು. ಆ ಐವರಲ್ಲಿ ನಾನೂ ಒಬ್ಬಳು. ನಾಲ್ಕು ದನಿ ನನಗೆ ಗುರುತು ಸಿಗುತ್ತವೆ. ಐದನೆಯದು, ನನ್ನದು, ಆ ಹಾಡಿನಲ್ಲಿ ಇದೆಯೋ ಇಲ್ಲವೋ ಎಂಬುದು ಏಳು ವರ್ಷ ನನಗೆ ತಿಳಿಯಲಿಲ್ಲ.

ತಿಳಿದವರು ಒಬ್ಬರೇ ಇದ್ದರು. ಹೋದ ತಿಂಗಳು ಅವರು ತೀರಿಕೊಂಡರು.

ಊರೆಲ್ಲ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ನಮ್ಮ ಓಣಿಯಲ್ಲಿ ನಮ್ಮಿಂದ ಮೂರನೆಯ ಮನೆ. ಮೊದಲು ಮದುವೆ, ತೊಟ್ಟಿಲು ಅಂತ ಮೈಕ್ ಸೆಟ್ ಹಚ್ಚುತ್ತಿದ್ದರು, ರೇಡಿಯೋ ರಿಪೇರಿ ಮಾಡುತ್ತಿದ್ದರು. ಆಮೇಲೆ ಹುಬ್ಬಳ್ಳಿಯಿಂದ ಕಂಪ್ಯೂಟರ್ ತಂದು, ಹತ್ತಿ ತುಂಬುತ್ತಿದ್ದ ಕೋಣೆಯನ್ನು ರೆಕಾರ್ಡಿಂಗ್ ಕೋಣೆ ಮಾಡಿದರು. ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ದನಿ ಮರಳಿ ಬಡಿಯದ ಹಾಗೆ ನಾಲ್ಕೂ ಕಡೆ ಕೌದಿ. ನಮ್ಮ ಮಂಡಳಿಯ ಹಿರಿಯಳು ಗೌರವ್ವ ಮೊದಲ ಸಲ ಒಳಗೆ ಕಾಲಿಟ್ಟಾಗ ಒಂದು ಕೌದಿಯ ಸೆರಗು ಹಿಡಿದು ನಿಂತಳು.

"ಇದು ನಮ್ಮವ್ವ ಹೊಲದ ಕೌದಿ ಅಲ್ಲೇನ್ರಿ? ಕಾಕುಗ ಹೊಚ್ಚಿಕೊಳ್ಳಾಕ ಕೊಟ್ಟಿದ್ದೆ ನಾ. ಗ್ವಾಡಿಗೆ ಹೊಚ್ಚಾಕಲ್ಲ!"

"ಗ್ವಾಡಿಗೂ ಥಂಡಿ ಆಕ್ಕೈತಿ ಗೌರವ್ವಾ," ಅಂದರು ಕಾಕಾ.

ಕಾಕಾಗೆ ಕೂರುವುದು ಗೊತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಒಂದು ಒಳ್ಳೆಯ ತಿರುಗುವ ಕುರ್ಚಿ ಇತ್ತು. ಅದರಲ್ಲಿ ಸದಾ ಅವರ ಟಾವೆಲ್ ಕುಳಿತಿರುತ್ತಿತ್ತು. ಹಾಡು ಹಚ್ಚುವುದು, ಎದ್ದು ಹೊರಗೆ ನಡೆಯುವುದು. ಕಟ್ಟೆಯ ತನಕ, ನಲ್ಲಿಯ ತನಕ, ಓಣಿಯ ತಿರುವಿನ ತನಕ. ಅಲ್ಲಿ ಒಂದು ಗಳಿಗೆ ನಿಂತು ತಲೆ ಓರೆ ಮಾಡಿ, ಏನೋ ಒಲೆಯ ಮೇಲೆ ಬಿಟ್ಟು ಬಂದವರಂತೆ ಗಡಬಡಿಸಿ ತಿರುಗುವುದು. ಒಳಗೆ ಹೋಗಿ ಯಾವುದೋ ಒಂದು ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿ ಮತ್ತೆ ಹೊರಗೆ. ದಾರಿಯಲ್ಲಿ ನಮ್ಮ ಅಡುಗೆಮನೆಯ ಕಿಟಕಿ ಬರುತ್ತಿತ್ತು. ಮುಖ ಕಾಣುವ ಮೊದಲೇ ಮಾತು ಒಳಗೆ ಬಂದಿರುತ್ತಿತ್ತು.

"ಅಕ್ಕೋರ, ಪೇಟಿ ಕೇಳತೈತೇನ್ರಿ?"

ಪೇಟಿ ಅಂದರೆ ಹಾರ್ಮೋನಿಯಂ. ನಾನು ಅಂಗನವಾಡಿ ನಡೆಸುವವಳು, ಹಾಗಾಗಿ ಊರಿಗೆಲ್ಲ ಅಕ್ಕೋರು. "ಕೇಳತೈತ್ರಿ ಕಾಕಾ," ಅಂದರೆ ಅವರ ಮುಖ ಸಣ್ಣಗಾಗುತ್ತಿತ್ತು. "ಇಲ್ಲಿಗೆ ಪೇಟಿ ಕೇಳತೈತಿ ಅಂದ್ರ ದನಿ ಸತ್ತಂಗ," ಅನ್ನುತ್ತ ಓಡುತ್ತಿದ್ದರು.

ಒಂದು ಸಲ ಕೇಳಿದೆ, ಕುಂತು ಯಾಕೆ ಕೇಳುವುದಿಲ್ಲ ಅಂತ.

"ಈ ಊರಾಗ ಯಾರು ಕುಂತು ಹಾಡು ಕೇಳ್ತಾರ ಹೇಳ್ರಿ? ಕಸಬರಗಿ ಹಿಡಕೊಂಡು ಕೇಳ್ತಾರ, ಎತ್ತಿನ ಮೈ ತೊಳಕೋಂತ ಕೇಳ್ತಾರ. ನೀವು ರೊಟ್ಟಿ ಬಡಕೋಂತ ಕೇಳ್ತೀರಿ. ನಾ ಕುಂತು ಮಾಡಿದ್ದು ನಿಂತವರಿಗೆ ಹೆಂಗ ಮುಟ್ಟತೈತಿ?"

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಪೆನ್‌ಡ್ರೈವಿಗೆ ಹಾಕಿಕೊಂಡು ಎದುರು ಮನೆಯವರ ಟ್ರ್ಯಾಕ್ಟರ್ ಹತ್ತುತ್ತಿದ್ದರು. ಇಂಜಿನ್ ಚಾಲೂ ಮಾಡಿಸಿ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಹಾಡು ಹಚ್ಚಿ, ತಾವು ಮಾತ್ರ ಕೆಳಗಿಳಿದು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಟ್ರ್ಯಾಕ್ಟರಿನ ಗದ್ದಲದಲ್ಲೂ ಮಾತು ತಿಳಿದರೆ ಹಾಡು ಪಾಸು. ಎಷ್ಟೋ ಹಾಡು ಅಲ್ಲೇ ನಪಾಸಾಗಿ ಮರಳಿ ಕೋಣೆಗೆ ಹೋಗಿವೆ.

ಆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಒಂದು ಬೋರ್ಡು. ಅದರಲ್ಲಿ ಮೇಲೆ ಕೆಳಗೆ ಜಾರುವ ಎಂಟು ಗುಂಡಿ, ಒಂದೊಂದರ ಪಕ್ಕಕ್ಕೆ ಒಂದೊಂದು ಸಾಲು ಸಣ್ಣ ದೀಪ: ಕೆಳಗೆ ಹಸಿರು, ನಡುವೆ ಹಳದಿ, ತುದಿಗೆ ಕೆಂಪು. ಬಲಗಡೆ ಬೇರೆಯಾಗಿ ಇನ್ನೊಂದು ದೊಡ್ಡ ಗುಂಡಿ, ಎಲ್ಲ ಕೂಡಿ ಹೊರಗೆ ಹೋಗುವ ಬಾಗಿಲು, ಅದಕ್ಕೆ ಮಾಸ್ಟರ್ ಅನ್ನುತ್ತಿದ್ದರು. ಆ ಮಾಸ್ಟರಿನ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು, ಯಾರೂ ಅಲುಗಿಸಬಾರದು ಅಂತ. ನಾನು ಒಮ್ಮೆ ಅವರ ಮನೆಯ ಡಬರಿ ಮರಳಿ ಕೊಡಲು ಹೋದವಳು, ಅದಕ್ಕೇನು ನೋವಾಗಿದೆ ಅಂತ ಕೇಳಿದೆ. ನಕ್ಕರು. ನಿಂತಲ್ಲೇ ಎಡಗಾಲು ಕುಣಿಸುತ್ತ ನನಗೊಂದು ಪರೀಕ್ಷೆ ಕೊಟ್ಟರು.

"ಒಂದು ಲೀಟರ್ ಹಿಡಿಯೋ ಬೋಗುಣ್ಯಾಗ ಎಷ್ಟು ಹಾಲು ಕಾಸ್ತೀರಿ?"

"ಮುಕ್ಕಾಲು."

"ಯಾಕ, ಒಂದು ಲೀಟರ್ ಹಿಡಿತೈತಲ್ಲ?"

"ಉಕ್ಕತೈತಲ್ರಿ ಕಾಕಾ."

"ಹಾಂ! ಇದೂ ಉಕ್ಕತೈತಿ. ಒಂದೊಂದು ದನಿ ಬ್ಯಾರೆ ಇದ್ದಾಗ ಶಾಣ್ಯಾ ಇರತೈತಿ, ಹಸಿರು ದಾಟಂಗಿಲ್ಲ. ಎಲ್ಲಾ ಕೂಡಿ ಈ ಮಾಸ್ಟರಿಗೆ ಬಂದಾಗ ನೋಡ್ರಿ, ಕೆಂಪು ಹತ್ತತೈತಿ. ಹಳೇ ಟೇಪಿನಾಗ ಒಂದೀಟು ಹೆಚ್ಚಾದ್ರೂ ಟೇಪು ಹೊಟ್ಟ್ಯಾಗ ಹಾಕ್ಕೊಂತಿತ್ತು. ಕಂಪ್ಯೂಟರಿಗೆ ದಾಕ್ಷಿಣ್ಯ ಇಲ್ಲ, ಗೆರಿ ದಾಟಿದ್ದನ್ನ ಕತ್ತರಿಸಿ ಒಗಿತೈತಿ."

"ಹಂಗಾರ ಮಾಸ್ಟರ್ ಇಳಿಸಿದ್ರಾತಲ್ಲ?"

"ಎಲ್ಲಾರೂ ಇದನ್ನ ಅಂತಾರ! ಮನಿಯೊಳಗ ಜಗಳ ಹತ್ತಿದಾಗ ಮುಂಬಾಗಲಾ ಹಾಕಿದ್ರ ಜಗಳ ನಿಂತಂಗಾತೇನ್ರಿ? ಓಣಿಗೆ ಕೇಳಂಗಿಲ್ಲ, ಅಷ್ಟ. ಒಳಗ ಹೋಗಿ ಒಬ್ಬೊಬ್ಬರ ಕೈ ಹಿಡದು ಕುಂದರಸಬೇಕು."

ಹಾಗೇ ಮಾಡುತ್ತಿದ್ದರು. ಎಲ್ಲ ಗುಂಡಿ ತಳಕ್ಕೆ ಇಳಿಸಿ, ಒಂದೊಂದನ್ನೇ ಮೇಲೆ ತರುವುದು. ಯಾವುದಾದರೂ ಕೇಳಿಸದಿದ್ದರೆ ಅದನ್ನು ಏರಿಸುತ್ತಿರಲಿಲ್ಲ, ಅದರ ಮೇಲೆ ಕುಳಿತದ್ದನ್ನು ಹುಡುಕಿ ಇಳಿಸುತ್ತಿದ್ದರು. ಅಂಗನವಾಡಿಯಲ್ಲಿ ಮಕ್ಕಳ ಗದ್ದಲಕ್ಕೆ ನಾನು ಅದಕ್ಕಿಂತ ದೊಡ್ಡ ದನಿ ತೆಗೆಯುತ್ತಿದ್ದೆ. ಅವತ್ತಿನಿಂದ ಅದು ಸ್ವಲ್ಪ ಕಡಿಮೆಯಾಯಿತು.

ನಮ್ಮ ಹಾಡಿನ ಮಾತಿಗೆ ಬರುತ್ತೇನೆ. ಗೌರವ್ವ ತಾನೇ ಕಟ್ಟಿದ ಹಾಡು, ಪ್ರತಿ ಸಾಲಿನ ಕೊನೆಗೆ "ತಂದೇ" ಅಂತ ಎಳೆಯುವುದು. ಶ್ರಾವಣಕ್ಕೆ ಮೊದಲು ರೆಕಾರ್ಡಾಗಬೇಕು, ಸೋಮವಾರ ಸೋಮವಾರ ಗುಡಿಯಲ್ಲಿ ಹಾಕಬೇಕು ಅಂತ ಊರವರೇ ಠರಾಯಿಸಿದರು. ಮೊದಲ ದಿನ ಕಾಕಾ ಐವರನ್ನೂ ಕೂಡಿಸಿ ಒಮ್ಮೆ ಹಾಡಿಸಿದರು. ಮುಗಿದ ಮೇಲೆ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು, "ಬಳಿ," ಅಂದರು. "ಹಾಡಿನಕಿಂತ ಬಳಿ ಸಪ್ಪಳ ಹೆಚ್ಚು ಬರಾಕತ್ತೈತಿ. ತಗದು ಬಾಜು ಇಡ್ರಿ."

ಗೌರವ್ವ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಅಂಥಾ ಮಾತು ಬಾಯಾಗ ತರಬ್ಯಾಡ್ರಿ ಕಾಕಾ," ಅಂದಳು ಗೌರವ್ವ. "ಮುತ್ತೈದೇರು ಬಳಿ ತಗದು ಗೂಟಕ್ಕ ಹಾಕಿ ದೇವರ ಹಾಡು ಹಾಡಬೇಕೇನು? ಬೇಕಾದ್ರ ಹಾಡ ಬ್ಯಾಡ."

ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. ಆಮೇಲೆ, ನೋಡಬಾರದು ಅಂತ ಗೊತ್ತಿದ್ದೂ, ನನ್ನ ಕೈ ನೋಡಿದರು. ನನ್ನ ಕೈಯಲ್ಲಿ ವಾಚೊಂದೇ ಇತ್ತು. ನಮ್ಮ ಮನೆಯವರು ಹೋಗಿ ಆಗ ನಾಲ್ಕು ವರ್ಷ.

ಕಾಕಾ ಒಳಗೆ ಹೋದರು. ಅರಿವೆ ಹರಿಯುವ ಸಪ್ಪಳ ಕೇಳಿತು. ತಮ್ಮ ಒಂದು ಹಳೆಯ ಧೋತರ ಹರಿದು ಹತ್ತು ಪಟ್ಟಿ ಮಾಡಿ ಕಾಕುವಿನ ಕೈಗೆ ಕೊಟ್ಟರು. ಬಳೆಗಳು ಅಲುಗದಂತೆ ಮೇಲಿಂದ ಸುತ್ತಿ ಕಟ್ಟಬೇಕು. ಕಾಕು ಗೌರವ್ವನಿಂದ ಶುರು ಮಾಡಿ ಒಬ್ಬೊಬ್ಬರಿಗೇ ಕಟ್ಟುತ್ತ ನನ್ನ ಹತ್ತಿರ ಬಂದು ನಿಂತರು. ಅವರ ಕೈಯಲ್ಲಿ ಇನ್ನೆರಡು ಪಟ್ಟಿ. ನನ್ನ ಕೈಯಲ್ಲಿ ಕಟ್ಟುವಂಥದ್ದು ಏನೂ ಇಲ್ಲ. ಕಾಕಾ ನಮಗೆ ಬೆನ್ನು ಮಾಡಿ ವೈರು ಸುತ್ತುತ್ತಿದ್ದರು. ತಿರುಗಲಿಲ್ಲ.

"ನಿಂತಿ ಯಾಕ? ಎಲ್ಲಾರಿಗೂ ಕಟ್ಟು."

ಕಾಕು ಕಟ್ಟಿದರು. "ವಾಚೂ ಟಿಕ್ ಟಿಕ್ ಅಂತೈತಿ ಮತ್ತ," ಅಂತ ತಾವೇ ಒಂದು ಕಾರಣ ಹೇಳಿಕೊಂಡರು. ಇನ್ನೊಂದು ಕೈಗೆ ಕಾರಣ ಹೇಳಲಿಲ್ಲ. ಸುಮ್ಮನೆ ಕಟ್ಟಿದರು.

ಒಬ್ಬೊಬ್ಬರನ್ನೇ ಕರೆದು ಬೇರೆ ಬೇರೆ ಹಾಡಿಸಿದ್ದು ನಾಲ್ಕು ದಿನ ನಡೆಯಿತು. ಕಿವಿಯಲ್ಲಿ ಪೇಟಿ, ತಬಲಾ ಬರುತ್ತದೆ, ಎದುರಿಗೆ ಯಾರೂ ಇಲ್ಲ. "ಒಬ್ಬಾಕಿನ ಹಾಡೂದು ಭಜನಿ ಆಕ್ಕೈತೇನ್ರಿ?" ಅಂತ ಗೌರವ್ವ ಜಗಳವಾಡಿದಳು. ನನ್ನ ಕಷ್ಟ ಬೇರೆ. ಸಾಲಿನ ಕೊನೆಯ "ತಂದೇ" ಎಲ್ಲರದು ಮುಗಿದ ಮೇಲೂ ನನ್ನದು ಸ್ವಲ್ಪ ಉಳಿಯುತ್ತದೆ. ಮೊದಲಿಂದಲೂ ಹಾಗೇ, ಬಿಡಲು ಮನಸ್ಸಾಗುವುದಿಲ್ಲ. "ಏ ಶಾಂತಾ, ಬಸ್ಸು ಬಿಟ್ಟ ಮ್ಯಾಲೆ ಓಡಿ ಬರಾಕಿ ನೋಡ ನೀ," ಅಂತ ಗೌರವ್ವ ಯಾವಾಗಲೂ ಬೈಯುತ್ತಿದ್ದಳು.

ಚಂದ ಹಾಡುವವರೆಂದರೆ ಕಾಕು. ಆದರೆ ಅವರು ಮಂಡಳಿಯಲ್ಲಿ ಇರಲಿಲ್ಲ. ಎರಡೂ ಕೈತುಂಬ ಹಸಿರು ಬಳೆ, ಚಹಾ ತಂದರೆ ಕಪ್ಪುಬಸಿಗಿಂತ ಮೊದಲು ಬಳೆ ಬರುತ್ತಿದ್ದವು. ರೆಕಾರ್ಡಿಂಗ್ ನಡೆದಾಗ ಹೊಸ್ತಿಲಲ್ಲಿ ನಿಂತು ಗುನುಗುತ್ತಿದ್ದರು.

"ಏ, ನೀ ಹೊರಗ ನಿಂದರ. ನಿನ್ನ ಕೈಯಾಗ ಸಂತಿ ನೆರದೈತಿ," ಅನ್ನುತ್ತಿದ್ದರು ಕಾಕಾ.

"ಹಂಗಾರ ನಾ ಹಾಡಂಗ ಇಲ್ಲೇನು?"

"ಹಾಡ. ಬ್ಯಾಡಂದವ್ರ್ಯಾರು? ಹೊರಗ ಹಾಡ."

ಇದು ಜಗಳವೂ ಅಲ್ಲ, ಬರೀ ಚೇಷ್ಟೆಯೂ ಅಲ್ಲ. ಕಾಕು ಹೊರಗೆ ನಿಂತು ಹಾಡುತ್ತಿದ್ದರು. ಒಳಗೆ ಬಾಗಿಲು ಹಾಕಿರುತ್ತಿತ್ತು.

ಆಮೇಲೆ ದನಿ ಕೂಡಿಸುವ ಕೆಲಸ, ಹನ್ನೊಂದು ದಿನ. ಆ ದಿನಗಳಲ್ಲಿ ನಮ್ಮಲ್ಲಿ ಒಬ್ಬೊಬ್ಬರೇ ಉಳಿದವರಿಗೆ ಗೊತ್ತಾಗದಂತೆ ಕಾಕಾನ ಕೋಣೆಗೆ ಹೋಗಿಬಂದಿದ್ದೇವೆ, ನನ್ನದೊಂದು ಈಟು ಏರಿಸಿರಿ ಅಂತ. ನಾನು ಹೋದದ್ದು ಬುಧವಾರ, ಅಂಗನವಾಡಿಗೆ ಬೀಗ ಹಾಕಿ, ನಾಲ್ಕೂವರೆಗೆ.

"ನನ್ನ ದನಿ ಕೇಳಸವಲ್ದು ಕಾಕಾ."

ಅವರು ಬೋರ್ಡಿನ ಮುಂದಿನಿಂದ ಸರಿದು ನಿಂತರು. "ಏರಸ್ರಿ ಹಂಗಾರ. ನಿಮ್ಮ ಕೈಲೇ ಏರಸ್ರಿ. ಆ ಕೊನೀದು, ಎಂಟನೇದು."

ಮೆಲ್ಲಗೆ ಜಾರಿಸಿದೆ. ದೇವರಾಣೆ, ಕೇಳಿಸಿತು. ನಾಲ್ಕು ದನಿಯ ಹಿಂದಿನಿಂದ ನನ್ನದು ಎದ್ದು ಬಂದ ಹಾಗಾಯಿತು. ಮನೆಗೆ ಹೋಗಿ ಗೋಧಿ ಹುಗ್ಗಿ ಮಾಡಿದೆ, ತಿನ್ನುವವಳು ನಾನೊಬ್ಬಳೇ ಇದ್ದರೂ.

ಶನಿವಾರ ಏನೋ ನೆಪ ಮಾಡಿಕೊಂಡು ಮತ್ತೆ ಹೋಗಿದ್ದೆ. ತಬಲಾ ಬಾರಿಸಿದ ಈರಪ್ಪ ಬಂದ. "ಏನೋ ಕಾಕಾ, ತಬಲಾ ಜ್ವರಾ ಬಂದು ಮಲಗಿದಂಗೈತಲ್ಲ!"

"ಏರಸಪಾ. ಆ ಕೊನೀದು."

ಈರಪ್ಪ ಅದೇ ಗುಂಡಿ ಏರಿಸಿದ. ತಲೆದೂಗಿದ. "ಹಾಂ! ಈಗ ನೋಡ, ಈಗ ಮಾತಾಡಾಕತ್ತು!"

ನಾನು ಸೆರಗಿನೊಳಗೆ ಬೆರಳು ಎಣಿಸಿದೆ. ಹೆಣ್ಣುಮಕ್ಕಳು ಐದು, ಪೇಟಿ ಆರು, ತಬಲಾ ಏಳು. ಎಂಟನೆಯದು ಯಾರದೂ ಅಲ್ಲ. ಬುಧವಾರ ನಾನು ಅದನ್ನು ಏರಿಸಿದಾಗ ಅದರ ಪಕ್ಕದ ದೀಪ ಒಂದೂ ಹತ್ತಿರಲಿಲ್ಲ ಅನ್ನುವುದು ಆಗ ನೆನಪಾಯಿತು. ಮಕ್ಕಳ ಹಾಜರಿ ತಪ್ಪದಂತೆ ಬರೆಯುವವಳು ನಾನು, ಅಷ್ಟು ನೋಡಿರಲಿಲ್ಲ. ತಲೆ ಎತ್ತಿದರೆ ಕಾಕಾ ನನ್ನನ್ನೇ ನೋಡುತ್ತಿದ್ದರು. ಟಾವೆಲ್ ಎತ್ತಿಕೊಂಡು ಹೊರಗೆ ನಡೆದುಬಿಟ್ಟರು.

ಈರಪ್ಪ ಹೋದ ಮೇಲೆ ಕಟ್ಟೆಯ ಹತ್ತಿರ ಅವರನ್ನು ತಡೆದೆ. "ಕಾಕಾ, ಒಂದ ಮಾತು ಹೇಳ್ರಿ. ಅದರಾಗ ನನ್ನ ದನಿ ಐತೋ ಇಲ್ಲೋ?"

"ಐತಿ ಅಂದ್ರ ಹುಡುಕೂದು ಬಿಡ್ತೀರಿ ಅಕ್ಕೋರ. ಇಲ್ಲ ಅಂದ್ರ ಹಾಡೂದು ಬಿಡ್ತೀರಿ. ನಾ ಯಾಕ ಹೇಳ್ಲಿ?"

ಸಿಟ್ಟು ಬಂತು. ಎರಡು ವಾರ ಅವರ ಮನೆಯ ಕಡೆ ಹಾಯಲಿಲ್ಲ. ಆಮೇಲೆ ಕರಿಬೇವು ಬೇಕಾಯಿತು, ಹೋದೆ. ಏಳು ವರ್ಷದಲ್ಲಿ ಇನ್ನೆರಡು ಸಲ ಕೇಳಿದ್ದೇನೆ. ಎರಡೂ ಸಲ "ಸೋಮವಾರ ಬರತೈತಲ್ಲ, ಕೇಳ್ರಿ," ಅಂದರು. ಒಂದೊಂದು ಸೋಮವಾರ ಇದ್ದೇನೆ ಅನ್ನಿಸುತ್ತಿತ್ತು, ಒಂದೊಂದು ಸೋಮವಾರ ಇಲ್ಲ. ಗಾಳಿ ಗುಡಿಯ ಕಡೆಯಿಂದ ಬೀಸಿದ ದಿನ ಇದ್ದೇನೆ ಅನ್ನಿಸುವುದು ಹೆಚ್ಚು. ಮಂಡಳಿಯಲ್ಲಿ ಹಾಡುವಾಗ ನನ್ನ "ತಂದೇ" ಬಾಯೊಳಗೇ ನಿಲ್ಲತೊಡಗಿತು. ಕೊನೆಗೆ ಹೋದ ವರ್ಷ ಮಂಡಳಿಗೆ ಹೋಗುವುದನ್ನೇ ಬಿಟ್ಟೆ. ಮೊಣಕಾಲು ನೋವು ಅಂತ ಹೇಳಿದೆ. ಕಾಕಾ ಕಿಟಕಿಯ ಹತ್ತಿರ ಬಂದು, "ಮೊಳಕಾಲಲೇ ಹಾಡ್ತಿದ್ರೇನ್ರಿ ಇಷ್ಟು ದಿನ?" ಅಂದರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಆ ದಿನ ಅವರು ನಡೆಯುವುದು ನಿಲ್ಲಿಸಿ ಕಿಟಕಿಯ ಹೊರಗೆ ತುಸು ಹೊತ್ತು ನಿಂತಿದ್ದರು.

ಅವರು ಹೋದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಯಾವುದೋ ಡೊಳ್ಳಿನ ಹಾಡು ಹಚ್ಚಿ ಎಂದಿನಂತೆ ನಲ್ಲಿಯ ತನಕ ನಡೆದಿದ್ದಾರೆ. ಮಕ್ಕಳಿಗೆ ಅಂತ ಕಡಲೆ ಒಯ್ಯಲು ನಾನು ಮನೆಗೆ ಬಂದಿದ್ದೆ. ನೋಡಿದರೆ ಕಾಕಾ ನಲ್ಲಿಯ ಕಟ್ಟೆಯ ಮೇಲೆ ಕುಳಿತಿದ್ದಾರೆ. ಕುಳಿತದ್ದನ್ನು ನೋಡಿಯೇ ನಾನು ಕಡಲೆಯ ಚೀಲ ಕೈಬಿಟ್ಟೆ. ಓಡಿಹೋಗುವಷ್ಟರಲ್ಲಿ ಮುಗಿದಿತ್ತು. ಒಳಗೆ ಡೊಳ್ಳು ಮೊಳಗುತ್ತಲೇ ಇತ್ತು, ನಿಲ್ಲಿಸುವುದು ಯಾರಿಗೂ ಹೊಳೆಯಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಕಾಕು ನನ್ನನ್ನು ಕರೆದರು. "ಶಾಂತವ್ವಾ, ಆ ಕೋಣಿ ಬಾಗಲಾ ತಗೀಬೇಕಾಗೇತಿ. ಒಬ್ಬಾಕಿಗೆ ಮನಸ್ಸು ಬರವಲ್ದು."

ಇಬ್ಬರೂ ಒಳಗೆ ಹೋದೆವು. ಕುರ್ಚಿಯಲ್ಲಿ ಟಾವೆಲ್ ಇತ್ತು. ಕಾಕು ಅದನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಕುಳಿತು ಕಂಪ್ಯೂಟರ್ ಹಚ್ಚಿದರು. ನಾನು ಬಾಯಿ ಬಿಟ್ಟು ನೋಡಿದೆ.

"ನಿಮಗ ಬರತೈತೇನ್ರಿ ಕಾಕು?"

"ಹಾಡು ಹಚ್ಚಿ ಓಣಿ ಅಳಿಯಾಕ ಹೋಗತಿದ್ರಲ್ಲ, ಇತ್ತಾಗ ಸೇವ್ ಮಾಡಾವ್ರು ಯಾರು? ನಾನ."

ನಮ್ಮ ಹಾಡು ಹುಡುಕಿ ತೆಗೆದರು. ಪರದೆಯ ಮೇಲೆ ಒಂದರ ಕೆಳಗೊಂದು ಏಳು ಪಟ್ಟಿ, ಒಂದೊಂದು ದನಿಗೆ ಒಂದೊಂದು. ಪ್ರತಿ ಪಟ್ಟಿಯ ಮೇಲೆ ಒಂದು ತೆಳು ಗೆರೆ ಏರುತ್ತ ಇಳಿಯುತ್ತ ಹೋಗಿತ್ತು. ಹಾಡು ನಡೆದಾಗ ಆಯಾ ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ಕಾಕಾ ಮೊದಲೇ ಬರೆದಿಟ್ಟ ಗೆರೆ ಅದು ಅಂತ ಕಾಕು ಹೇಳಿದರು. ಎಡಗಡೆ ಹೆಸರುಗಳು. ಗೌರವ್ವ, ಬಳಿ. ಮಲ್ಲವ್ವ, ಬಳಿ. ಹೀಗೆ ನಾಲ್ಕು. ಐದನೆಯದು: ಅಕ್ಕೋರು, ಸ್ವಚ್ಛ.

ನನ್ನ ಗೆರೆ ಹುಡುಕಿದೆ. ಅದು ನೆಲ ಹಿಡಿದು ಮಲಗಿತ್ತು. ಇಲ್ಲವೇ ಇಲ್ಲ ಅನ್ನುವಷ್ಟು ಕೆಳಗೆ.

"ತಡಿ," ಅಂದರು ಕಾಕು. "ಇಲ್ಲಿ ನೋಡ."

ಸಾಲು ಮುಗಿಯುವ ಕಡೆ ಉಳಿದ ನಾಲ್ಕೂ ಗೆರೆ ಬಾವಿಗೆ ಬಿದ್ದ ಹಾಗೆ ಇಳಿದಿದ್ದವು. ಅಲ್ಲಿ ನನ್ನದೊಂದೇ ಎದ್ದಿತ್ತು. ಮುಂದಿನ ಸಾಲಿಗೂ ಹಾಗೇ. ಎಣಿಸಿದೆ, ಹನ್ನೆರಡು ಕಡೆ. ಕಾಕು ಗೌರವ್ವನದೊಂದೇ ಇಟ್ಟು ಹಚ್ಚಿದರು. ಎಷ್ಟು ತುಂಬಿದ ದನಿ. ಸಾಲು ಮುಗಿದು ಅವಳು ಕೈ ಇಳಿಸುತ್ತಿದ್ದಂತೆ ಧೋತರದ ಪಟ್ಟಿಯ ಒಳಗಿಂದಲೇ ಬಳೆ, ಕಿಣ್. ಮಲ್ಲವ್ವನದೂ ಕಿಣ್. ಉಳಿದ ಇಬ್ಬರದೂ. ಆಮೇಲೆ ನನ್ನದು ಹಚ್ಚಿದರು. "ತಂದೇ" ಅಂತ ನಿಧಾನವಾಗಿ ಎಳೆದು, ಬಸ್ಸು ತಪ್ಪಿಸಿಕೊಂಡವಳ ಹಾಗೆ ಹಿಂದೆ ಉಳಿದು, ಒಂದು ಉಸಿರು. ಬೇರೇನೂ ಇಲ್ಲ.

ಏಳು ವರ್ಷ ಹುಡುಕಿದ್ದು ಸಿಕ್ಕಿತು. ಸಿಕ್ಕಿದ್ದನ್ನು ಎಲ್ಲಿ ಇಟ್ಟುಕೊಳ್ಳಲಿ ತಿಳಿಯಲಿಲ್ಲ. ನಾನು ಇದ್ದೆ. ದನಿ ಚಂದ ಅಂತ ಅಲ್ಲ, ಕೈ ಬರಿದು ಅಂತ ಇದ್ದೆ. ಅಲ್ಲದೆ, ಎಲ್ಲರೂ ಬೈಯುವ ನನ್ನ ತಡಕ್ಕೆ ಅವರು ಜಾಗ ಮಾಡಿದ್ದರು. ಸಾಲಿನ ಕೊನೆಗೆ ಊರೆಲ್ಲ ಕೇಳುತ್ತಿದ್ದ "ತಂದೇ" ನನ್ನದು. ಅದನ್ನೂ ನಾನು ಗೌರವ್ವನದೆಂದೇ ತಿಳಿದಿದ್ದೆ. ಹೇಳಬಹುದಿತ್ತಲ್ಲ ಕಾಕಾ. ಹೇಳಿದ್ದರೆ ಬರಿಗೈ ಮಾತೂ ಹೇಳಬೇಕಾಗುತ್ತಿತ್ತು. ಕುಳಿತಿರಲಾಗದೆ ಎದ್ದೆ. ಗೋಡೆಯ ಕೌದಿಗಳ ಗುಂಟ ಆ ಸಣ್ಣ ಕೋಣೆಯಲ್ಲಿ ಅವರ ಹಾಗೇ ಎರಡು ಸುತ್ತು ತಿರುಗಿದೆ.

ಆಗ ಗಮನಕ್ಕೆ ಬಂತು. ಕಾಕು ಅಷ್ಟು ಹೊತ್ತಿನಿಂದ ಕಂಪ್ಯೂಟರಿನ ಮೇಲೆ ಕೈ ಆಡಿಸುತ್ತಿದ್ದರು, ಬಳೆಯ ಸಪ್ಪಳವೇ ಇರಲಿಲ್ಲ.

ನಾನು ಅವರ ಕೈ ನೋಡಿದ್ದನ್ನು ಅವರೂ ನೋಡಿದರು. "ಈಗ ನಾ ಹಾಡಿ‌ದ್ರ ನಂದೂ ಸ್ವಚ್ಛ ಬರತೈತಿ ನೋಡ," ಅಂದರು. "ಇಷ್ಟು ವರ್ಷ ಹೊರಗ ನಿಂದರಿಸಿದ್ರು ಮಾರಾಯರು." ನಗಲು ಹೋದರು, ಅರ್ಧಕ್ಕೇ ನಿಂತಿತು.

ವೈರುಗಳ ಗೂಟಕ್ಕೆ ಧೋತರದ ಪಟ್ಟಿಗಳು ಇನ್ನೂ ತೂಗುತ್ತಿದ್ದವು. ಎರಡು ಬಿಡಿಸಿಕೊಂಡೆ.

"ಕೈ ತರ್ರಿ ಕಾಕು."

"ಹುಚ್ಚಿ, ಕಟ್ಟಾಕ ಏನೈತಿ ಅಲ್ಲಿ?"

"ಎಲ್ಲಾರಿಗೂ ಕಟ್ಟು ಅಂದಾರ ಕಾಕಾ."

ಕಾಕು ಮಡಿಲಿನ ಟಾವೆಲ್ ಬದಿಗಿಟ್ಟು ಎರಡೂ ಕೈ ಮುಂದೆ ಮಾಡಿದರು. ಕಟ್ಟಿದೆ. ಕಾಕು ಎದ್ದು ಮೈಕಿನ ಒಂದು ವೈರು ಹುಡುಕಿ, ಬೋರ್ಡಿನ ಹಿಂದೆ ಬಗ್ಗಿ ಯಾವುದೋ ಖಾಲಿ ತೂತಿಗೆ ಚುಚ್ಚಿದರು. ಕಂಪ್ಯೂಟರಿನಲ್ಲಿ ಏಳರ ಕೆಳಗೆ ಇನ್ನೊಂದು ಪಟ್ಟಿ ತೆರೆದರು. ಬಾಗಿಲು ಹಾಕಿಕೊಂಡು ಬಂದು ಮೈಕಿನ ಮುಂದೆ ನಿಂತರು.

"ಕೊನೀದು ಏರಸ," ಅಂದರು. "ಭಾಳ ಬ್ಯಾಡ. ಕೆಂಪು ಹತ್ತಿಸಿದ್ರ ಬೈತಾರ."

ಎಂಟನೆಯ ಗುಂಡಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಜಾರಿಸಿದೆ. ಕಾಕು ಉಸಿರು ಎಳೆದುಕೊಂಡರು, ಇನ್ನೂ ಹಾಡಿರಲಿಲ್ಲ. ಗುಂಡಿಯ ಪಕ್ಕಕ್ಕೆ ತಳದ ಹಸಿರು ದೀಪ ಹತ್ತಿತು.